ಹಳೆಯ ಪಿಕಪ್‌ನ ಸ್ಟೀರಿಂಗ್ ಕಾಲಂ: ಬಿಚ್ಚುವ ಮುನ್ನ ಅಳೆಯಿರಿ

ನಮ್ಮ ಸದಸ್ಯರಲ್ಲಿ ಹಲವರ ಅಂಗಡಿ, ಗೋದಾಮು ಅಥವಾ ಕಾರ್ಖಾನೆಯ ಮುಂದೆ ಹತ್ತು-ಹದಿನೈದು ವರ್ಷ ದುಡಿದ ಪಿಕಪ್ ವಾಹನವೊಂದು ಇಂದಿಗೂ ನಿಂತಿರುತ್ತದೆ. ಸಾಲ ತೀರಿರುತ್ತದೆ; ಎಂಜಿನ್ ಇನ್ನೂ ಗಟ್ಟಿಯಾಗಿರುತ್ತದೆ; ಹೊಸ ವಾಹನದ ಬೆಲೆಯನ್ನು ಕೇಳಿದಾಗ ಹಳೆಯದನ್ನೇ ಇನ್ನೆರಡು ವರ್ಷ ಓಡಿಸೋಣ ಎನಿಸುವುದು ಸಹಜ. ಈ ನಿರ್ಧಾರದಲ್ಲಿ ತಪ್ಪೇನೂ ಇಲ್ಲ. ಆದರೆ ಹಳೆಯ ವಾಹನದಲ್ಲಿ ಎಂಜಿನ್ನಿಗೆ ದೊರೆಯುವ ಗಮನದ ಹತ್ತನೆಯ ಒಂದು ಪಾಲೂ ಸ್ಟೀರಿಂಗ್ ಕಾಲಂಗೆ ದೊರೆಯುವುದಿಲ್ಲ. ಎಂಜಿನ್ ಕೆಟ್ಟರೆ ವಾಹನ ನಿಲ್ಲುತ್ತದೆ. ಸ್ಟೀರಿಂಗ್ ಕೆಟ್ಟರೆ ವಾಹನ ನಿಲ್ಲುವುದಿಲ್ಲ. ಅಪಾಯವಿರುವುದು ಅಲ್ಲಿಯೇ.

ಈ ಲೇಖಕನ ಅನುಭವವೊಂದನ್ನು ಇಲ್ಲಿ ಹೇಳುವುದು ಉಚಿತವೆನಿಸುತ್ತದೆ. ನಮ್ಮ ಘಟಕದಲ್ಲಿ 2006ರಲ್ಲಿ ಕೊಂಡ ಡೀಸೆಲ್ ಪಿಕಪ್ ಒಂದಿತ್ತು. ಹುಬ್ಬಳ್ಳಿಯಿಂದ ಅಂಕೋಲಾ, ಕಾರವಾರಗಳ ಕಡೆಗೆ ವಾರಕ್ಕೆರಡು ಬಾರಿ ಅರಬೈಲ್ ಘಟ್ಟ ಇಳಿದು ಹತ್ತುತ್ತಿದ್ದ ವಾಹನವದು. 2019ರಲ್ಲಿ ಒಂದು ಸಂಜೆ ನಮ್ಮ ಚಾಲಕ ಬಂದು, “ಸಾವಕಾರ್ರ, ಗಾಡಿ ಹೇಳಿದ ಮಾತ ಕೇಳವಲ್ದ್ರಿ” ಎಂದನು. ಚಕ್ರವನ್ನು ನಾಲ್ಕು ಬೆರಳಷ್ಟು ತಿರುಗಿಸಿದರೂ ಗಾಡಿ ನೇರವಾಗಿಯೇ ಹೋಗುತ್ತದೆ, ಆಮೇಲೆ ಒಮ್ಮೆಲೇ ಎಳೆಯುತ್ತದೆ ಎಂಬುದು ಅವನ ದೂರು. ನಾವು ಕೂಡಲೇ ಗ್ಯಾರೇಜಿಗೆ ಕಳುಹಿಸಿದೆವು. ಅಲ್ಲಿಯವರು ನೋಡಿದೊಡನೆ “ಸ್ಟೀರಿಂಗ್ ಬಾಕ್ಸ್ ಹೋಗಿದೆ” ಎಂದು ತೀರ್ಪಿತ್ತರು. ಹನ್ನೊಂದೂವರೆ ಸಾವಿರ ರೂಪಾಯಿ ತೆತ್ತು ಹೊಸ ಬಾಕ್ಸ್ ಹಾಕಿಸಿದೆವು. ಹಳೆಯದು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಯಿತು. ವಾಹನ ಹೊರಗೆ ಬಂದಾಗ ದೋಷ ಹಾಗೆಯೇ ಇತ್ತು.

ಬೇರೊಂದು ಗ್ಯಾರೇಜಿನ ಹಿರಿಯ ಮಿಸ್ತ್ರಿಯೊಬ್ಬರು ಒಂದು ಸುಣ್ಣದ ಕಡ್ಡಿ ಮತ್ತು ಒಬ್ಬ ಸಹಾಯಕನ ನೆರವಿನಿಂದ ಹತ್ತೇ ನಿಮಿಷದಲ್ಲಿ ನಿಜವಾದ ಕಾರಣವನ್ನು ತೋರಿಸಿದರು. ಕಾಲಂನ ಕೆಳತುದಿಯ ಜಾಯಿಂಟ್‌ನ ಹಿಡಿತದ ಬೋಲ್ಟ್ ಯಾವಾಗಲೋ ಬದಲಾಗಿ, ಅದರ ಜಾಗದಲ್ಲಿ ಕಡಿಮೆ ದಪ್ಪದ ಬೋಲ್ಟೊಂದು ಸೇರಿಕೊಂಡಿತ್ತು. ಅದರಿಂದಾಗಿ ಒಳಗಿನ ಹಲ್ಲುಗಳು ಸವೆದಿದ್ದವು. ಗುಜರಿಗೆ ಹೋದ ಬಾಕ್ಸ್ ಬಹುಶಃ ಚೆನ್ನಾಗಿಯೇ ಇತ್ತು. ಕಾಲಂ ಬಿಚ್ಚಿದಾಗ ಇನ್ನೂ ಒಂದು ಸಂಗತಿ ಕಂಡಿತು. ಅದನ್ನು ಮುಂದೆ ಹೇಳುತ್ತೇನೆ. ಈ ಘಟನೆಯ ನಂತರ ಕಲಿತ ಪಾಠವನ್ನು ಸದಸ್ಯರೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಕಾಲಂನ ರಚನೆ

ಚಾಲಕನ ಕೈಯಲ್ಲಿರುವ ಚಕ್ರ ಮತ್ತು ಮುಂಭಾಗದ ಚಾಸಿಸ್ಸಿಗೆ ಬಿಗಿದ ಸ್ಟೀರಿಂಗ್ ಬಾಕ್ಸ್, ಇವೆರಡರ ನಡುವಿನ ಸಂಪರ್ಕವೇ ಸ್ಟೀರಿಂಗ್ ಕಾಲಂ. ಹೊರಗೆ ಒಂದು ಉಕ್ಕಿನ ಕೊಳವೆ. ಒಳಗೆ ತಿರುಗುವ ಶಾಫ್ಟ್. ಶಾಫ್ಟ್‌ನ ಮೇಲ್ತುದಿಯಲ್ಲಿ ಹಲ್ಲುಗಳನ್ನು ಕೊರೆದಿರುತ್ತಾರೆ. ಇದಕ್ಕೆ ಸ್ಪ್ಲೈನ್ ಎಂದು ಹೆಸರು. ಚಕ್ರದ ನಡುವಿನ ರಂಧ್ರದಲ್ಲಿಯೂ ಅದೇ ಹಲ್ಲುಗಳಿದ್ದು, ಒಂದು ನಟ್ ಎರಡನ್ನೂ ಬಿಗಿಯಾಗಿ ಹಿಡಿದಿಡುತ್ತದೆ. ಕೊಳವೆಯ ಮೇಲೂ ಕೆಳಗೂ ಬಶ್ ಅಥವಾ ಬೇರಿಂಗ್‌ಗಳು ಶಾಫ್ಟನ್ನು ನಡುವಿನಲ್ಲಿ ನಿಲ್ಲಿಸುತ್ತವೆ. ಚಕ್ರದ ಕೆಳಗೆ ಹಾರ್ನ್ ಸಂಪರ್ಕ, ದೀಪ-ಇಂಡಿಕೇಟರ್‌ಗಳ ಕಾಂಬಿನೇಷನ್ ಸ್ವಿಚ್, ಅದರ ಪಕ್ಕದಲ್ಲಿ ಕಳ್ಳತನ ತಡೆಯುವ ಬೀಗವಿರುವ ಇಗ್ನಿಷನ್ ಸ್ವಿಚ್ ಇರುತ್ತವೆ.

ಕ್ಯಾಬಿನ್ ಮತ್ತು ಎಂಜಿನ್ ನಡುವಿನ ತಗಡಿನ ಗೋಡೆಯನ್ನು ದಾಟಿದ ಮೇಲೆ ಶಾಫ್ಟ್ ನೇರವಾಗಿ ಬಾಕ್ಸಿಗೆ ಸೇರುವುದಿಲ್ಲ. ನಡುವೆ ಯೂನಿವರ್ಸಲ್ ಜಾಯಿಂಟ್ ಇರುವ ಚಿಕ್ಕ ಶಾಫ್ಟ್ ಇರುತ್ತದೆ. ಕೆಲವು ವಾಹನಗಳಲ್ಲಿ ದಪ್ಪ ರಬ್ಬರ್-ಬಟ್ಟೆಯ ಬಿಲ್ಲೆಯುಳ್ಳ ಕಪ್ಲಿಂಗ್ ಇರುತ್ತದೆ. ರಸ್ತೆಯ ನಡುಕ ಕೈಗೆ ತಲುಪದಂತೆಯೂ, ಕ್ಯಾಬಿನ್ ಮತ್ತು ಚಾಸಿಸ್ ಸ್ವಲ್ಪ ಅಲುಗಿದರೂ ಶಾಫ್ಟ್ ಬಾಗದಂತೆಯೂ ನೋಡಿಕೊಳ್ಳುವುದು ಇದರ ಕೆಲಸ. ವಿವರಗಳಲ್ಲಿ ವಾಹನದಿಂದ ವಾಹನಕ್ಕೆ ವ್ಯತ್ಯಾಸವುಂಟು. ಆದ್ದರಿಂದ ತಯಾರಕರ ಸರ್ವಿಸ್ ಕೈಪಿಡಿಗೆ ಬದಲಿ ಇಲ್ಲ. ಆದರೆ ಮೂಲ ರಚನೆ ಬಹುತೇಕ ಹಳೆಯ ಪಿಕಪ್‌ಗಳಲ್ಲಿ ಒಂದೇ ಬಗೆಯದು.

ಕೂದಲೆಳೆಯ ಲೆಕ್ಕ

ಸ್ಟೀರಿಂಗ್ ಸಡಿಲವನ್ನು ನಮ್ಮ ಮಿಸ್ತ್ರಿಗಳು “ಪ್ಲೇ” ಎನ್ನುತ್ತಾರೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 98ನೆಯ ನಿಯಮದ ಪ್ರಕಾರ ಸ್ಟೀರಿಂಗ್ ಚಕ್ರದಲ್ಲಿ ಈ ಸಡಿಲ 30 ಡಿಗ್ರಿಯನ್ನು ಮೀರುವಂತಿಲ್ಲ. ಸಂಪರ್ಕಗಳ ಬೋಲ್ಟ್ ಮತ್ತು ಪಿನ್‌ಗಳು ಕಳಚದಂತೆ ಭದ್ರವಾಗಿ ಲಾಕ್ ಆಗಿರಬೇಕು. 400 ಮಿಲಿಮೀಟರ್ ವ್ಯಾಸದ ಚಕ್ರದಲ್ಲಿ 30 ಡಿಗ್ರಿ ಎಂದರೆ ಅಂಚಿನಲ್ಲಿ ಸುಮಾರು 105 ಮಿಲಿಮೀಟರ್. ಇದು ಕಾನೂನಿನ ಕಟ್ಟಕಡೆಯ ಗಡಿ. ಒಳ್ಳೆಯ ಸ್ಥಿತಿಯ ಗುರುತಲ್ಲ. ತಯಾರಕರ ಕೈಪಿಡಿಗಳು ಸಾಮಾನ್ಯವಾಗಿ ಇದಕ್ಕಿಂತ ಬಹಳ ಕಡಿಮೆ ಸಡಿಲವನ್ನಷ್ಟೇ ಒಪ್ಪುತ್ತವೆ.

ಸಣ್ಣ ಕೈಗಾರಿಕೆಯವರು ಇನ್ನೊಂದು ಲೆಕ್ಕವನ್ನೂ ಗಮನಿಸಬೇಕು. ಜಾಯಿಂಟ್‌ನ ಸ್ಪ್ಲೈನ್ ಹಲ್ಲುಗಳು ಶಾಫ್ಟ್‌ನ ಕೇಂದ್ರದಿಂದ 10 ಮಿಲಿಮೀಟರ್ ದೂರದಲ್ಲಿವೆ ಎಂದುಕೊಳ್ಳೋಣ. ಚಕ್ರದ ಅಂಚು 200 ಮಿಲಿಮೀಟರ್ ದೂರದಲ್ಲಿದೆ. ಹಲ್ಲಿನಲ್ಲಿ 0.2 ಮಿಲಿಮೀಟರ್ ಸವೆತವಾದರೆ ಚಾಲಕನ ಕೈಯಲ್ಲಿ ಅದು ಇಪ್ಪತ್ತು ಪಟ್ಟಾಗಿ 4 ಮಿಲಿಮೀಟರ್ ಆಗುತ್ತದೆ. ಅರ್ಧ ಮಿಲಿಮೀಟರ್ ಸವೆದರೆ 10 ಮಿಲಿಮೀಟರ್. ಇಂತಹ ಸವೆತ ಎರಡು-ಮೂರು ಕಡೆ ಸೇರಿದರೆ ಘಟ್ಟದ ತಿರುವಿನಲ್ಲಿ ಏನಾಗಬಹುದೆಂದು ವಿವರಿಸಬೇಕಿಲ್ಲ. ಲೇತ್ ಯಂತ್ರದ ಮುಂದೆ “ಎರಡು ಕೂದಲೆಳೆ ಹೆಚ್ಚಾದರೇನು” ಎನ್ನುವ ಕೆಲಸಗಾರನಿಗೆ ಈ ಲೆಕ್ಕವನ್ನು ಒಮ್ಮೆ ತೋರಿಸುವುದು ಒಳ್ಳೆಯದು.

ಮೊದಲು ದೋಷ ಪತ್ತೆ, ಆಮೇಲೆ ಪಾನಾ

ಕಾಲಂ ಬಿಚ್ಚುವುದು ಅರ್ಧ ದಿನದ ಕೆಲಸ. ದೋಷ ಅಲ್ಲಿಯೇ ಇದೆಯೆಂದು ಖಚಿತವಾಗದೆ ಅದಕ್ಕೆ ಕೈಹಾಕಬಾರದು. ಪರೀಕ್ಷೆಯ ವಿಧಾನ ಸರಳ. ವಾಹನವನ್ನು ಸಮತಟ್ಟಾದ ನೆಲದಲ್ಲಿ, ಮುಂಚಕ್ರಗಳು ನೇರವಾಗಿರುವಂತೆ ನಿಲ್ಲಿಸಬೇಕು. ಪವರ್ ಸ್ಟೀರಿಂಗ್ ಇದ್ದರೆ ಎಂಜಿನ್ ಚಾಲನೆಯಲ್ಲಿರಬೇಕು, ಇಲ್ಲದಿದ್ದರೆ ಬೇಕಿಲ್ಲ. ಒಬ್ಬರು ಕುಳಿತು ಚಕ್ರವನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ಆಡಿಸಬೇಕು. ಇನ್ನೊಬ್ಬರು ಬಾನೆಟ್ ತೆರೆದು, ಪ್ರತಿಯೊಂದು ಜೋಡಣೆಯ ಎರಡೂ ಬದಿಗೆ ಸುಣ್ಣದ ಕಡ್ಡಿಯಿಂದ ಒಂದೇ ಗೆರೆ ಎಳೆದು, ಆ ಗೆರೆ ಎಲ್ಲಿ ಮುರಿಯುತ್ತದೆಂದು ನೋಡಬೇಕು.

1. ಜಾಯಿಂಟ್‌ನ ಮೇಲಿನ ಶಾಫ್ಟ್ ತಿರುಗಿ ಕೆಳಗಿನದು ತಡವಾಗಿ ತಿರುಗಿದರೆ ದೋಷ ಜಾಯಿಂಟ್ ಅಥವಾ ಕಪ್ಲಿಂಗ್‌ನಲ್ಲಿದೆ.

2. ಬಾಕ್ಸಿಗೆ ಹೋಗುವ ಶಾಫ್ಟ್ ತಿರುಗಿಯೂ ಬಾಕ್ಸಿನ ಕೆಳಗಿನ ಡ್ರಾಪ್ ಆರ್ಮ್ ಅಲುಗದಿದ್ದರೆ ದೋಷ ಬಾಕ್ಸಿನಲ್ಲಿದೆ.

3. ಡ್ರಾಪ್ ಆರ್ಮ್ ಅಲುಗಿಯೂ ಮುಂಚಕ್ರ ಅಲುಗದಿದ್ದರೆ ಟೈ ರಾಡ್ ಎಂಡ್ ಮೊದಲಾದ ಸಂಪರ್ಕಗಳನ್ನು ನೋಡಬೇಕು.

4. ಚಕ್ರವನ್ನು ಹಿಡಿದು ಮೇಲೆ-ಕೆಳಗೆ, ಅಕ್ಕ-ಪಕ್ಕ ಅಲುಗಿಸಿದಾಗ ಶಾಫ್ಟ್ ಮಾತ್ರ ಅಲುಗಿದರೆ ಮೇಲಿನ ಬಶ್ ಸವೆದಿದೆ. ಇಡೀ ಕೊಳವೆಯೇ ಅಲುಗಿದರೆ ಡ್ಯಾಶ್‌ಬೋರ್ಡ್ ಕೆಳಗಿನ ಬ್ರಾಕೆಟ್ ಸಡಿಲವಾಗಿದೆ.

ಮಾಲೀಕರು ಈ ಪರೀಕ್ಷೆಯನ್ನು ತಮ್ಮೆದುರಿಗೇ ಮಾಡಿಸಬೇಕು. ದೋಷ ಎಲ್ಲಿದೆಯೆಂದು ಕಣ್ಣಾರೆ ಕಾಣದೆ ಬಿಡಿಭಾಗಕ್ಕೆ ಹಣ ಕೊಡಬಾರದು. ನಾವು ತೆತ್ತ ಹನ್ನೊಂದೂವರೆ ಸಾವಿರ ಈ ಹತ್ತು ನಿಮಿಷಗಳನ್ನು ಉಳಿಸಿದ್ದಕ್ಕೆ ಕಟ್ಟಿದ ದಂಡ.

ಕುಗ್ಗುವ ಕಾಲಂ: ಸುತ್ತಿಗೆ ಏಕೆ ಬೇಡ

ಬಿಚ್ಚುವ ಕ್ರಮಕ್ಕೆ ಹೋಗುವ ಮೊದಲು ಕಾಲಂನ ಒಂದು ಗುಪ್ತ ಗುಣವನ್ನು ತಿಳಿದಿರಬೇಕು. ಹಿಂದಿನ ವಾಹನಗಳಲ್ಲಿ ಶಾಫ್ಟ್ ಒಂದೇ ಉದ್ದನೆಯ ಸರಳಾಗಿತ್ತು. ಎದುರಿನಿಂದ ಡಿಕ್ಕಿಯಾದಾಗ ಮುಂಭಾಗ ಹಿಂದಕ್ಕೆ ಸರಿದು, ಆ ಸರಳು ಈಟಿಯಂತೆ ಚಾಲಕನ ಎದೆಗೆ ಬರುತ್ತಿತ್ತು. ಇದನ್ನು ತಪ್ಪಿಸಲು ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯು 1967ರ ಮಾದರಿಯ ಕಾರುಗಳಲ್ಲಿ ಆಘಾತ ಹೀರಿಕೊಂಡು ಕುಗ್ಗುವ ಕಾಲಂ ಅಳವಡಿಸಿತು. 1968ರ ಜನವರಿ 1ರಿಂದ ಆ ದೇಶದ ಸುರಕ್ಷತಾ ಮಾನಕಗಳು ಕಾರುಗಳಿಗೆ ಇಂತಹ ರಕ್ಷಣೆಯನ್ನು ಕಡ್ಡಾಯಗೊಳಿಸಿದವು. ನಂತರ ಹಗುರ ಟ್ರಕ್‌ಗಳಿಗೂ ಅವು ವಿಸ್ತರಿಸಿದವು. ಎದುರುಡಿಕ್ಕಿಗಳಲ್ಲಿ ಕಾರು ಚಾಲಕರ ಸಾವಿನ ಸಂಭವ ಇದರಿಂದ ಸುಮಾರು ಶೇ. 12ರಷ್ಟು ತಗ್ಗಿದೆಯೆಂದು ಅಲ್ಲಿನ ಹೆದ್ದಾರಿ ಸುರಕ್ಷತಾ ಆಡಳಿತವು 1981ರ ಮೌಲ್ಯಮಾಪನದಲ್ಲಿ ಕಂಡುಕೊಂಡಿತು. ಭಾರತದಲ್ಲಿಯೂ ಸ್ಟೀರಿಂಗ್ ವ್ಯವಸ್ಥೆಯ ಆಘಾತ ರಕ್ಷಣೆಯ ಪರೀಕ್ಷೆಗೆ ಐಎಸ್ 11939 ಎಂಬ ಮಾನಕವಿದೆ.

ಇಂತಹ ಕಾಲಂನಲ್ಲಿ ಶಾಫ್ಟ್ ಎರಡು ತುಂಡಾಗಿದ್ದು, ಒಂದು ಇನ್ನೊಂದರೊಳಗೆ ಜಾರುವಂತಿರುತ್ತದೆ. ಮಾಮೂಲಿ ದಿನಗಳಲ್ಲಿ ಅವು ಜಾರದಂತೆ ಸಣ್ಣ ಪ್ಲಾಸ್ಟಿಕ್ ಪಿನ್‌ಗಳು ಹಿಡಿದಿರುತ್ತವೆ. ಡಿಕ್ಕಿಯಾದಾಗ ಪಿನ್ ತುಂಡಾಗಿ ಶಾಫ್ಟ್ ಕುಗ್ಗುತ್ತದೆ. ಹೊರಗಿನ ಬ್ರಾಕೆಟ್ ಕೂಡ ನಿಗದಿತ ಬಲಕ್ಕೆ ಕಳಚಿಕೊಳ್ಳುವಂತೆ ರಚಿತವಾಗಿರುತ್ತದೆ. ಎಲ್ಲ ಹಳೆಯ ಪಿಕಪ್‌ಗಳಲ್ಲಿ ಈ ಏರ್ಪಾಡು ಇರುತ್ತದೆಂದು ಹೇಳಲಾಗದು. ನಿಮ್ಮ ವಾಹನದ್ದು ಯಾವ ಬಗೆಯದೆಂದು ಕೈಪಿಡಿಯಿಂದ ಖಚಿತಪಡಿಸಿಕೊಳ್ಳಬೇಕು.

ಈಗ ಸುತ್ತಿಗೆಯ ಮಾತು. ಬಿಗಿಯಾಗಿ ಕಚ್ಚಿಕೊಂಡ ಚಕ್ರವನ್ನು ಬಿಡಿಸಲು ಶಾಫ್ಟ್‌ನ ತುದಿಗೆ ಹೊಡೆಯುವುದು ನಮ್ಮಲ್ಲಿ ಸಾಮಾನ್ಯ ಪದ್ಧತಿ. ಶಾಫ್ಟ್‌ಗೆ ಆ ಪೆಟ್ಟು ಸಣ್ಣ ಡಿಕ್ಕಿಯಿದ್ದಂತೆ. ಪಿನ್‌ಗಳು ಮುರಿಯುತ್ತವೆ; ಹೊರಗಿನಿಂದ ಏನೂ ಕಾಣಿಸುವುದಿಲ್ಲ. ನಮ್ಮ ವಾಹನದ ಕಾಲಂ ಬಿಚ್ಚಿದಾಗ ಕಂಡ ಇನ್ನೊಂದು ಸಂಗತಿ ಇದೇ. ಹಿಂದೆ ಯಾರೋ ಚಕ್ರ ತೆಗೆಯಲು ಸುತ್ತಿಗೆ ಬಳಸಿದ್ದರು; ಶಾಫ್ಟ್‌ನ ಎರಡು ತುಂಡುಗಳು ಸಡಿಲವಾಗಿ ಜಾರುತ್ತಿದ್ದವು. ಜಾಯಿಂಟ್ ಮತ್ತು ಬಶ್‌ಗಳ ಬೆಲೆ ಎರಡು ಸಾವಿರದೊಳಗೇ ಮುಗಿಯುತ್ತಿತ್ತು. ಆ ಪೆಟ್ಟಿನಿಂದಾಗಿ ಇಡೀ ಶಾಫ್ಟ್ ಬದಲಿಸಬೇಕಾಯಿತು.

ಹೊರತೆಗೆಯುವ ಕ್ರಮ

ಗಾಳಿಚೀಲ, ಅಂದರೆ ಏರ್‌ಬ್ಯಾಗ್ ಇರುವ ವಾಹನಗಳಿಗೆ ಈ ಕ್ರಮ ಅನ್ವಯಿಸದು. ಅದರೊಳಗೆ ಸ್ಫೋಟಕ ವಸ್ತುವಿರುವುದರಿಂದ ತರಬೇತಿ ಪಡೆದವರೇ ಮುಟ್ಟಬೇಕು. ಉಳಿದ ಹಳೆಯ ಪಿಕಪ್‌ಗಳಲ್ಲಿ ಕೆಲಸ ಹೀಗೆ ಸಾಗುತ್ತದೆ.

ಮುಂಚಕ್ರಗಳನ್ನು ನೇರವಾಗಿಸಿ, ಹಿಂಚಕ್ರಗಳಿಗೆ ಅಡೆ ಕೊಟ್ಟು, ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಬೇಕು. ಪ್ರತಿಯೊಂದು ಹಂತದಲ್ಲಿಯೂ ಮೊಬೈಲ್‌ನಿಂದ ಚಿತ್ರ ತೆಗೆದಿಟ್ಟುಕೊಂಡರೆ ಜೋಡಿಸುವಾಗ ವಾದಕ್ಕೆ ಎಡೆಯಿರುವುದಿಲ್ಲ. ಮೊದಲು ಹಾರ್ನ್ ಮುಚ್ಚಳ ತೆಗೆಯಬೇಕು. ಅದರಡಿಯ ಚಿಕ್ಕ ಸ್ಪ್ರಿಂಗ್ ಹಾರಿ ಕಳೆದುಹೋಗದಂತೆ ಎಚ್ಚರ ವಹಿಸಬೇಕು. ಶಾಫ್ಟ್ ಮತ್ತು ಚಕ್ರ ಎರಡಕ್ಕೂ ಸೇರುವಂತೆ ಒಂದು ಗುರುತು ಹಾಕಬೇಕು. ನಟ್ಟನ್ನು ಸಡಿಲಿಸಬೇಕೇ ಹೊರತು ಪೂರ್ತಿ ತೆಗೆಯಬಾರದು. ಮೂರು-ನಾಲ್ಕು ಸುತ್ತು ಉಳಿಸಬೇಕು. ಆಮೇಲೆ ಚಕ್ರ ಎಳೆಯುವ ಪುಲ್ಲರ್ ಹಾಕಿ ನಿಧಾನವಾಗಿ ಬಿಗಿದರೆ ಚಕ್ರ ಸದ್ದು ಮಾಡಿ ಬಿಡುತ್ತದೆ. ಉಳಿದಿರುವ ನಟ್ ಅದು ಮುಖಕ್ಕೆ ಬಡಿಯದಂತೆ ತಡೆಯುತ್ತದೆ. ಪುಲ್ಲರ್ ಇಲ್ಲದ ಗ್ಯಾರೇಜಿಗೆ ಈ ಕೆಲಸ ಕೊಡದಿರುವುದೇ ಲೇಸು.

ಅನಂತರ ಪ್ಲಾಸ್ಟಿಕ್ ಹೊದಿಕೆಗಳು ಮತ್ತು ಕಾಂಬಿನೇಷನ್ ಸ್ವಿಚ್. ತಂತಿಗಳ ಕನೆಕ್ಟರ್‌ಗಳಿಗೆ ಚೀಟಿ ಅಂಟಿಸಿ, ಲಾಕ್ ಒತ್ತಿ ಬಿಡಿಸಬೇಕು. ತಂತಿ ಹಿಡಿದು ಎಳೆಯಬಾರದು. ಇಗ್ನಿಷನ್ ಬೀಗವನ್ನು ಕೊಳವೆಗೆ ಹಿಡಿದಿರುವ ಬೋಲ್ಟ್‌ಗಳು ವಿಶೇಷ ಬಗೆಯವು. ಬಿಗಿಯುವಾಗ ಅವುಗಳ ತಲೆ ಮುರಿದುಬೀಳುತ್ತದೆ. ಕಳ್ಳನು ಬಿಚ್ಚಲಾಗಬಾರದೆಂಬುದೇ ಉದ್ದೇಶ. ಬೀಗ ಬದಲಿಸುವ ಅಗತ್ಯವಿದ್ದರೆ ಮಾತ್ರ ನಡುವಿಗೆ ಡ್ರಿಲ್ ಮಾಡಿ ತೆಗೆದು, ಅದೇ ಬಗೆಯ ಹೊಸ ಬೋಲ್ಟ್ ಹಾಕಬೇಕು.

ಕೆಳತುದಿಯಲ್ಲಿ ಜಾಯಿಂಟ್ ಮತ್ತು ಶಾಫ್ಟ್‌ಗೆ ಗುರುತು ಹಾಕಿ ಹಿಡಿತದ ಬೋಲ್ಟನ್ನು ಪೂರ್ತಿಯಾಗಿ ಹೊರತೆಗೆಯಬೇಕು. ಸಡಿಲಿಸಿದರಷ್ಟೇ ಸಾಲದು. ಬಹಳಷ್ಟು ವಾಹನಗಳಲ್ಲಿ ಈ ಬೋಲ್ಟ್ ಶಾಫ್ಟ್‌ನ ಗಾಡಿಯಲ್ಲಿ ಕುಳಿತಿರುತ್ತದೆ. ಅದು ಅಲ್ಲಿರುವವರೆಗೆ ಎಷ್ಟು ಎಳೆದರೂ ಜಾಯಿಂಟ್ ಬರುವುದಿಲ್ಲ. ಇಲ್ಲಿಯೇ ನಮ್ಮ ವಾಹನದ ದೋಷದ ಮೂಲವಿತ್ತು. ಕಡಿಮೆ ದಪ್ಪದ ಬೋಲ್ಟ್ ಆ ಗಾಡಿಯನ್ನು ತುಂಬದೆ, ಪ್ರತಿ ತಿರುವಿನಲ್ಲಿಯೂ ಹಲ್ಲುಗಳಿಗೆ ಅಲುಗಾಟ ಬಿಟ್ಟುಕೊಟ್ಟಿತ್ತು. ತುಕ್ಕು ಹಿಡಿದಿದ್ದರೆ ತುಕ್ಕು ಸಡಿಲಿಸುವ ಎಣ್ಣೆ ಹಾಕಿ ಕಾಯಬೇಕು. ಉಳಿ ಬಡಿದು ಜಾಯಿಂಟ್‌ನ ಬಾಯಿ ಅಗಲಿಸಬಾರದು.

ಕೊನೆಯದಾಗಿ ತಗಡಿನ ಗೋಡೆಯ ಬಳಿಯ ಮುಚ್ಚಳ, ಬಳಿಕ ಡ್ಯಾಶ್‌ಬೋರ್ಡ್ ಕೆಳಗಿನ ಬ್ರಾಕೆಟ್. ಬ್ರಾಕೆಟ್‌ನ ಕೊನೆಯ ನಟ್ ಬಿಚ್ಚುವಾಗ ಒಬ್ಬರು ಕಾಲಂನ ಭಾರವನ್ನು ಕೈಯಲ್ಲಿ ಹಿಡಿದಿರಬೇಕು. ಜೋತುಬಿಟ್ಟರೆ ಅದೂ ಬಾಗುತ್ತದೆ, ತಂತಿಗಳೂ ಹರಿಯುತ್ತವೆ. ಕಾಲಂ ಹೊರಗಿರುವಾಗ ಮುಂಚಕ್ರಗಳನ್ನು ತಿರುಗಿಸಬಾರದು.

ಮೇಜಿನ ಮೇಲೆ

ಹೊರಬಂದ ಕಾಲಂ ಅನ್ನು ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಮಲಗಿಸಬೇಕು. ಸರ್ಕ್ಲಿಪ್, ವಾಷರ್, ಸ್ಪ್ರಿಂಗ್, ಬಶ್ ಮುಂತಾದವುಗಳನ್ನು ತೆಗೆದ ಕ್ರಮದಲ್ಲಿಯೇ ಸಾಲಾಗಿ ಇಡಬೇಕು. ಒಂದೇ ಡಬ್ಬಿಯಲ್ಲಿ ಸುರಿದಿಟ್ಟರೆ ಮರುದಿನ ಒಂದು ವಾಷರ್ ಉಳಿದುಬಿಡುತ್ತದೆ. ಅದು ಎಲ್ಲಿಯದೆಂದು ಯಾರಿಗೂ ತಿಳಿಯುವುದಿಲ್ಲ. ಉಕ್ಕಿನ ಭಾಗಗಳನ್ನು ಡೀಸೆಲ್‌ನಲ್ಲಿ ತೊಳೆಯಬಹುದು. ರಬ್ಬರ್, ನೈಲಾನ್ ಮತ್ತು ವಿದ್ಯುತ್ ಭಾಗಗಳನ್ನು ಒಣಬಟ್ಟೆಯಿಂದ ಒರೆಸಿದರೆ ಸಾಕು.

ಈಗ ಅಳತೆ. ಬಶ್‌ನ ಒಳವ್ಯಾಸ ಮತ್ತು ಶಾಫ್ಟ್‌ನ ಹೊರವ್ಯಾಸಗಳನ್ನು ಎರಡು-ಮೂರು ದಿಕ್ಕಿನಲ್ಲಿ ಅಳೆಯಬೇಕು; ಸವೆತ ಒಂದೇ ಬದಿಗಿರುವುದು ಸಾಮಾನ್ಯ. ಶಾಫ್ಟನ್ನು ವಿ-ಬ್ಲಾಕ್‌ಗಳ ಮೇಲಿಟ್ಟು ಡಯಲ್ ಗೇಜ್ ಹಚ್ಚಿ ತಿರುಗಿಸಿದರೆ ಬಾಗಿದೆಯೋ ಇಲ್ಲವೋ ತಿಳಿಯುತ್ತದೆ. ಕುಗ್ಗುವ ಬಗೆಯದಾದರೆ ಒಟ್ಟು ಉದ್ದವನ್ನು ಕೈಪಿಡಿಯ ಅಳತೆಗೆ ಹೋಲಿಸಬೇಕು. ಕಡಿಮೆಯಿದ್ದರೆ ಅದು ಒಮ್ಮೆ ಪೆಟ್ಟು ತಿಂದಿದೆ ಎಂದರ್ಥ. ಯೂನಿವರ್ಸಲ್ ಜಾಯಿಂಟ್ ಎಲ್ಲ ದಿಕ್ಕಿಗೂ ಒಂದೇ ಬಗೆಯಲ್ಲಿ ಮೃದುವಾಗಿ ಬಾಗಬೇಕು. ನಡುವೆ ಗಂಟಿನಂತೆ ಹಿಡಿದರೆ ಒಳಗಿನ ಸೂಜಿ ಬೇರಿಂಗ್ ಹಾಳಾಗಿದೆ.

ಸಣ್ಣ ದೋಷಕ್ಕೆ ದೊಡ್ಡ ಬಿಚ್ಚುವಿಕೆ ಬೇಕಾಗುವ ಪ್ರಸಿದ್ಧ ಉದಾಹರಣೆಯೊಂದು ಅಮೆರಿಕದಲ್ಲಿದೆ. 1973ರಿಂದ 1987ರವರೆಗಿನ ಷೆವರ್ಲೆ ಮತ್ತು ಜಿಎಂಸಿ ಪಿಕಪ್‌ಗಳಲ್ಲಿ ಚಕ್ರದ ಎತ್ತರ ಬದಲಿಸಬಲ್ಲ ಟಿಲ್ಟ್ ಕಾಲಂ ಲಭ್ಯವಿತ್ತು. ವರ್ಷಗಳು ಕಳೆದಂತೆ ಒಳಗಿನ ನಾಲ್ಕು ಬೋಲ್ಟ್‌ಗಳು ಸಡಿಲಗೊಂಡು ಚಕ್ರ ಓಲಾಡತೊಡಗುತ್ತದೆ. ಬೇಕಾದುದು ನಾಲ್ಕು ಬೋಲ್ಟ್‌ಗಳನ್ನು ಬಿಗಿಯುವುದಷ್ಟೇ. ಆದರೆ ಅಲ್ಲಿಗೆ ತಲುಪಲು ಚಕ್ರ, ಲಾಕ್ ಪ್ಲೇಟ್, ಇಂಡಿಕೇಟರ್ ಸ್ವಿಚ್, ಬೀಗ, ಕೀಲಿನ ಪಿನ್‌ಗಳು ಎಲ್ಲವನ್ನೂ ತಕ್ಕ ಪುಲ್ಲರ್‌ಗಳಿಂದ ತೆಗೆಯಬೇಕು. ಅನುಭವಿಗಳು ಒಮ್ಮೆ ತೆರೆದ ಮೇಲೆ ಬೋಲ್ಟ್‌ಗಳಿಗೆ ಲಾಕ್ ದ್ರಾವಣ ಹಚ್ಚಿ ಬಿಗಿಯದೆ ಮುಚ್ಚುವುದಿಲ್ಲ. ತೆರೆಯುವ ಶ್ರಮವೇ ಹೆಚ್ಚಿನದಾದುದರಿಂದ, ತೆರೆದಾಗ ಸವೆದುದೆಲ್ಲವನ್ನೂ ಒಮ್ಮೆಗೇ ಬದಲಿಸುವುದು ಲಾಭಕರ ಎಂಬ ನೀತಿ ನಮಗೂ ಸಲ್ಲುತ್ತದೆ.

ಮರುಜೋಡಣೆ

ತೆಗೆದ ಕ್ರಮವನ್ನು ಹಿಂದುಮುಂದಾಗಿಸಿದರೆ ಜೋಡಣೆಯಾಗುತ್ತದೆ. ಆದರೆ ಕೆಲವು ಅಂಶಗಳನ್ನು ಮರೆಯಬಾರದು. ಸರ್ಕ್ಲಿಪ್ ಮತ್ತು ತಾನಾಗಿ ಲಾಕ್ ಆಗುವ ನಟ್‌ಗಳನ್ನು ಹೊಸದಾಗಿಯೇ ಹಾಕಬೇಕು. ಎರಡು ಯೂನಿವರ್ಸಲ್ ಜಾಯಿಂಟ್‌ಗಳಿರುವಲ್ಲಿ ಅವುಗಳನ್ನು ಮೊದಲಿದ್ದ ಕೋನದಲ್ಲಿಯೇ, ಗುರುತಿಗೆ ಗುರುತು ಸೇರಿಸಿ ಕೂರಿಸಬೇಕು. ಕಾಲು ಸುತ್ತು ತಪ್ಪಿದರೂ ಚಕ್ರದ ಪ್ರತಿ ಸುತ್ತಿನಲ್ಲಿ ಸ್ಟೀರಿಂಗ್ ಎರಡು ಬಾರಿ ಭಾರವಾಗಿ ಎರಡು ಬಾರಿ ಹಗುರಾಗುತ್ತದೆ. ಬಿಗಿತವನ್ನು ಕೈಯಂದಾಜಿಗೆ ಬಿಡದೆ ಟಾರ್ಕ್ ರೆಂಚ್‌ನಿಂದ, ಕೈಪಿಡಿಯ ಸಂಖ್ಯೆಗೆ ತರಬೇಕು.

ಎಲ್ಲ ಮುಗಿದ ಮೇಲೆ ಹಾರ್ನ್, ದೀಪ, ಇಂಡಿಕೇಟರ್ ತಾನಾಗಿ ಮರಳುವುದು, ಬೀಗ ಹಾಕುವುದು-ತೆಗೆಯುವುದು ಇವನ್ನೆಲ್ಲ ನೋಡಬೇಕು. ಮುಂಭಾಗವನ್ನು ಜಾಕ್‌ನಿಂದ ಎತ್ತಿ, ಸ್ಟ್ಯಾಂಡ್‌ಗಳ ಮೇಲೆ ಭದ್ರವಾಗಿ ನಿಲ್ಲಿಸಿ, ಚಕ್ರವನ್ನು ಎಡತುದಿಯಿಂದ ಬಲತುದಿಯವರೆಗೆ ತಿರುಗಿಸಿ ಎಲ್ಲಿಯೂ ಹಿಡಿಯುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಮೊದಲ ಓಡಾಟ ಖಾಲಿ ಮೈದಾನದಲ್ಲಿ, ಸರಕಿಲ್ಲದೆ, ನಿಧಾನ ಗತಿಯಲ್ಲಿ ಆಗಲಿ.

ಮಾಡಬಾರದ ದುರಸ್ತಿಗಳು

ಸವೆದ ಸ್ಪ್ಲೈನ್ ನಡುವೆ ತಗಡಿನ ಚೂರು ತುರುಕುವುದು, ಶಾಫ್ಟ್ ಮತ್ತು ಜಾಯಿಂಟನ್ನು ವೆಲ್ಡ್ ಮಾಡಿಬಿಡುವುದು, ಬಶ್‌ಗೆ ಪಂಚ್‌ನಿಂದ ಹೊಡೆದು ಬಿಗಿ ಮಾಡುವುದು, ಕೈಗೆ ಸಿಕ್ಕ ಬೋಲ್ಟ್ ಹಾಕುವುದು ಇವು ನಮ್ಮ ಗ್ಯಾರೇಜುಗಳಲ್ಲಿ ಹೊಸವಲ್ಲ. ಇವೆಲ್ಲ ಒಂದೆರಡು ತಿಂಗಳು “ಪ್ಲೇ”ಯನ್ನು ಮರೆಮಾಡುತ್ತವೆ. ವೆಲ್ಡ್ ಮಾಡಿದ ಶಾಫ್ಟ್ ಕುಗ್ಗುವ ಗುಣವನ್ನು ಕಳೆದುಕೊಂಡು ಮತ್ತೆ ಈಟಿಯಾಗುತ್ತದೆ. ವೆಲ್ಡ್‌ನ ಪಕ್ಕದ ಉಕ್ಕು ಪೆಡಸಾಗಿ ಒಂದು ದಿನ ಮುನ್ಸೂಚನೆಯಿಲ್ಲದೆ ಮುರಿಯಬಹುದು. ಬೋಲ್ಟ್‌ನ ತಲೆಯ ಮೇಲೆ 8.8 ಎಂಬ ಗುರುತಿದ್ದರೆ ಪ್ರತಿ ಚದರ ಮಿಲಿಮೀಟರಿಗೆ ಸುಮಾರು 800 ನ್ಯೂಟನ್ ಎಳೆತವನ್ನು ತಡೆಯುವ ಉಕ್ಕು ಎಂದರ್ಥ. ಮೂಲ ಬೋಲ್ಟ್‌ನಲ್ಲಿ ಯಾವ ಗುರುತಿತ್ತೋ ಹೊಸದರಲ್ಲಿಯೂ ಅದೇ ಇರಬೇಕು. ಗುರುತಿಲ್ಲದ ಬೋಲ್ಟ್ ಸ್ಟೀರಿಂಗ್‌ಗೆ ನಿಷಿದ್ಧ.

ವರ್ತಕರಿಗೆ, ತಯಾರಕರಿಗೆ ಎರಡು ಮಾತು

ಬಾಡಿಗೆಗೆ ಅಥವಾ ಸ್ವಂತ ಸರಕಿಗೆ ಓಡುವ ಸಾರಿಗೆ ವಾಹನಗಳಿಗೆ ಅರ್ಹತಾ ಪತ್ರ ಕಡ್ಡಾಯ. 2018ರ ತಿದ್ದುಪಡಿಯಿಂದ ಎಂಟು ವರ್ಷ ದಾಟಿದ ವಾಹನಗಳು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು. ಎಫ್.ಸಿ.ಗೆ ಹೋಗುವ ಹಿಂದಿನ ದಿನವಷ್ಟೇ ಸ್ಟೀರಿಂಗ್ ನೆನಪಿಸಿಕೊಳ್ಳುವ ಬದಲು, ಆರು ತಿಂಗಳಿಗೊಮ್ಮೆ ಸುಣ್ಣದ ಕಡ್ಡಿಯ ಪರೀಕ್ಷೆ ಮಾಡಿಸಿ ವಾಹನದ ಪುಸ್ತಕದಲ್ಲಿ ಬರೆದಿಡುವುದು ಲೇಸು.

ಬಿಡಿಭಾಗಗಳನ್ನು ರಸೀದಿಯಿಲ್ಲದೆ ಕೊಳ್ಳುವುದು ಅಗ್ಗವೆಂಬ ಭ್ರಮೆಯೂ ಬಿಡಬೇಕು. ಸ್ಟೀರಿಂಗ್ ಚಕ್ರ, ಕಾಲಂ, ಬಾಕ್ಸ್ ಮತ್ತು ಅವುಗಳ ಭಾಗಗಳು 8708 94 ಎಂಬ ಎಚ್‌ಎಸ್‌ಎನ್ ಸಂಖ್ಯೆಯಡಿ ಬರುತ್ತವೆ. ಇವುಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರ ಬದಲು ಶೇ. 18ಕ್ಕೆ ಇಳಿದಿದೆ. ರಸೀದಿಯಿದ್ದರೆ ನಕಲಿ ಮಾಲಿಗೆ ಉತ್ತರ ಹೇಳುವವರೊಬ್ಬರು ಇರುತ್ತಾರೆ; ಇಲ್ಲದಿದ್ದರೆ ಯಾರೂ ಇರುವುದಿಲ್ಲ.

ಬಶ್, ಜಾಯಿಂಟ್‌ನ ಕ್ರಾಸ್, ರಬ್ಬರ್ ಬಿಲ್ಲೆ, ಬ್ರಾಕೆಟ್ ಇವೆಲ್ಲ ಪೀಣ್ಯ, ಬೆಳಗಾವಿಯ ಉದ್ಯಮಬಾಗ, ನಮ್ಮ ಗೋಕುಲ ರಸ್ತೆಯಂತಹ ಕಡೆಗಳ ಸಣ್ಣ ಘಟಕಗಳ ಶಕ್ತಿಗೆ ಮೀರಿದ ವಸ್ತುಗಳಲ್ಲ. ಹಳೆಯ ಮಾದರಿಗಳ ಭಾಗಗಳನ್ನು ಮೂಲ ತಯಾರಕರು ಕಡಿಮೆ ಮಾಡಿದಂತೆ ಈ ಬೇಡಿಕೆ ನಮ್ಮ ಬಾಗಿಲಿಗೆ ಬರುತ್ತದೆ. ಆದರೆ ಇದು ಬಾಗಿಲಿನ ಹಿಡಿಕೆಯಂತಹ ವಸ್ತುವಲ್ಲ. ಉಕ್ಕಿನ ಪರೀಕ್ಷಾ ಪತ್ರ, ಗಡಸುತನದ ದಾಖಲೆ, ಪ್ರತಿ ತಂಡಕ್ಕೂ ಬ್ಯಾಚ್ ಸಂಖ್ಯೆ ಇವು ಕನಿಷ್ಠ ಅಗತ್ಯ. ವಾಹನ ತಯಾರಕರಿಗೇ ಸರಬರಾಜು ಮಾಡಬಯಸುವವರು 2016ರಲ್ಲಿ ಜಾರಿಗೆ ಬಂದ ಐಎಟಿಎಫ್ 16949 ಗುಣಮಟ್ಟ ವ್ಯವಸ್ಥೆಯತ್ತ ಈಗಿನಿಂದಲೇ ಹೆಜ್ಜೆಯಿಡಬೇಕು. 0.2 ಮಿಲಿಮೀಟರ್‌ನ ತಪ್ಪು ಚಾಲಕನ ಕೈಯಲ್ಲಿ ಇಪ್ಪತ್ತು ಪಟ್ಟಾಗುತ್ತದೆಂಬುದನ್ನು ನೆನಪಿಟ್ಟವರು ಮಾತ್ರ ಈ ವ್ಯಾಪಾರಕ್ಕೆ ಇಳಿಯಬೇಕು.

ನಮ್ಮ ಪಿಕಪ್ ಹೊಸ ಶಾಫ್ಟ್, ಜಾಯಿಂಟ್ ಮತ್ತು ಬಶ್‌ಗಳೊಡನೆ ಮತ್ತೆ ಘಟ್ಟ ಇಳಿಯಿತು. ಮೊದಲ ದಿನ ಹಿಂತಿರುಗಿದ ಚಾಲಕ ಏನನ್ನೂ ಹೇಳಲಿಲ್ಲ. ಕೀಲಿಕೈಯನ್ನು ಮೊಳೆಗೆ ತೂಗುಹಾಕಿ ಚಹಾ ಕುಡಿಯಲು ಹೋದನು. ಸ್ಟೀರಿಂಗ್ ಸರಿಯಾಗಿದೆ ಎಂಬುದಕ್ಕೆ ನಮಗೆ ಬೇರೆ ಪ್ರಮಾಣ ಬೇಕಾಗಲಿಲ್ಲ. ಸದಸ್ಯರು ತಮ್ಮ ವಾಹನಗಳ ಚಾಲಕರನ್ನು ಈ ವಾರವೇ ಒಮ್ಮೆ ಕೇಳಲಿ: ಗಾಡಿ ಹೇಳಿದ ಮಾತು ಕೇಳುತ್ತಿದೆಯೇ?